ಎರಡು ಮೀಟರ್ ಪೈಪು

ಮಾರ್ಚ್ 3, ಸೋಮವಾರ. ಸಂಜೆ 7

ಎಂಜಿನ್ ಲ್ಯಾಬಿಗೆ ಹೊಸ ಬ್ಯಾಚು. ಇಪ್ಪತ್ತೆರಡು ಜನ. ಎಂದಿನಂತೆ ಮೊದಲ ದಿನ ಸೀಳಿಟ್ಟ ಎಂಜಿನ್‌ಗಳ ಮುಂದೆ ನಿಲ್ಲಿಸಿದೆ. ಪೆಟ್ರೋಲ್, ಡೀಸೆಲ್, ಟೂ ಸ್ಟ್ರೋಕ್, ಮೂಲೆಯಲ್ಲಿ ಹಳೇ ಸ್ಟೀಮ್ ಮಾಡೆಲ್. ಹ್ಯಾಂಡಲ್ ತಿರುಗಿಸಿದರೆ ಹೊಟ್ಟೆಯೊಳಗಿನದೆಲ್ಲ ಕಾಣುತ್ತದೆ. ಬೋರ್ಡಿನ ಮೇಲೆ ನಾಲ್ಕೇ ಪದ — ಹೀರು, ಅದುಮು, ಉರಿ, ಉಗುಳು. ಭಾವ ಹೇಳಿಕೊಟ್ಟದ್ದು. ನನಗೆ ಹನ್ನೊಂದು ವರ್ಷ, ಅಕ್ಕನ ಮದುವೆಯಾದ ಹೊಸತು, ಲಾಂಚಿನ ಎಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದರು. ಈಗ ಹದಿನಾಲ್ಕು ವರ್ಷದಿಂದ ಆ ನಾಲ್ಕು ಪದವೇ ನನ್ನ ನೌಕರಿ.

ಹಿಂದಿನ ಸಾಲಿನಿಂದ ಒಬ್ಬ ಕೇಳಿದ. "ಮೇಡಂ, ಇದ್ರಲ್ಲಿ ಬೆಸ್ಟ್ ಯಾವುದು?" ಪ್ರತಿ ಬ್ಯಾಚಿನಲ್ಲೂ ಒಬ್ಬ ಕೇಳುತ್ತಾನೆ. "ಏನು ಹೊರಬೇಕು, ಎಷ್ಟು ದೂರ, ಎಲ್ಲಿ ನಿಂತು... ಅದನ್ನ ಹೇಳು. ಆಮೇಲೆ ಬೆಸ್ಟ್ ಹೇಳ್ತೀನಿ" ಅಂದೆ.

ಟೀ ಹೊತ್ತಿಗೆ ಕೆಳಗೆ ಅಕ್ಕನ ಮನೆಯಲ್ಲಿ ಭಾವನಿಗೆ ಇದನ್ನು ಹೇಳಿದೆ. ಅವರ ಉತ್ತರ ಯಾವಾಗಲೂ ರೆಡಿ. "ಪೆಟ್ರೋಲ್ ಕುದುರೆ. ಡೀಸೆಲ್ ಎತ್ತು. ಟೂ ಸ್ಟ್ರೋಕ್ ಮೇಕೆ — ತಿನ್ನೋದಕ್ಕಿಂತ ಚೆಲ್ಲೋದು ಜಾಸ್ತಿ, ಆದ್ರೆ ಎಲ್ಲಿ ಬೇಕಾದ್ರೂ ಹತ್ತುತ್ತೆ."

"ಸ್ಟೀಮು?"

"ಅದು ಹಳೇ ಕಾಲದ ಮಾವ. ಎದ್ದೇಳಕ್ಕೇ ಒಂದು ಗಂಟೆ. ಎದ್ದ ಮೇಲೆ ಹಿಡಿಯೋರಿಲ್ಲ."

ಅಕ್ಕ ಲೋಟ ತೊಳೆಯುತ್ತ, "ಎತ್ತಿನ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದೀನಿ, ನನಗೆ ಹೇಳಕ್ಕೆ ಬರ್ಬೇಡಿ" ಅಂದಳು. ಅವರ ಮಗಳು ಗುಬ್ಬಿ ನಕ್ಕು ನಕ್ಕು ಟೀ ಚೆಲ್ಲಿದಳು. ನರ್ಸಿಂಗ್ ಕೊನೇ ವರ್ಷ, ಇನ್ನೂ ಮಗುವಿನ ಹಾಗೆ ನಗುತ್ತಾಳೆ.

ಮಹಡಿಗೆ ಬಂದೆ. ಕೆಳಗೆ ಅವರ ಮಾತು ಇನ್ನೂ ಕೇಳುತ್ತಿದೆ.

ಮಾರ್ಚ್ 5, ಬುಧವಾರ

ಭಾವ ನದಿಯಲ್ಲಿ ಓಡಿಸುವ ಲಾಂಚು ರಿಪೇರಿ ಯಾರ್ಡಿನಲ್ಲಿದೆ. ನೀರು ತಳ್ಳುವ ಫ್ಯಾನಿನ ಶಾಫ್ಟು ಹೊರಗೆ ಬರುವ ಕಡೆ ನೀರು ಜಿನುಗುತ್ತಿದೆಯಂತೆ. ದಿನಕ್ಕೆರಡು ಸಲ ತಳದ ಕೋಣೆಯಿಂದ ನೀರು ಎತ್ತಬೇಕು. ಎತ್ತುವ ಡೀಸೆಲ್ ಪಂಪಿನ ನಾಜಲ್ ಟೆಸ್ಟಿಂಗ್‌ಗೆ ಹೋಗಿದೆ. ಭಾವ ಬಕೆಟ್ಟಿನಲ್ಲಿ ಎತ್ತಿ ಸೊಂಟ ಹಿಡಿದುಕೊಂಡು ಬಂದರು.

ಲಾಂಚಿನ ಮಾಲೀಕರು ಈಗ ಬ್ಯಾಟರಿ ಲಾಂಚಿನ ಮಾತಾಡುತ್ತಿದ್ದಾರಂತೆ. "ಮೋಟಾರ್ ಅಂತೆ. ಹೀರಲ್ಲ, ಉಗುಳಲ್ಲ. ಉಸಿರೇ ಇಲ್ಲದ ಎಂಜಿನ್ನು" ಅಂದರು.

"ಸದ್ದಿಲ್ಲ, ಹೊಗೆಯಿಲ್ಲ, ಕೊಟ್ಟ ಕರೆಂಟಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಕೆಲಸಕ್ಕೆ ಬರುತ್ತೆ ಭಾವ. ನಿಮ್ಮ ಎತ್ತು ಹತ್ತು ಲೀಟರ್ ಕುಡಿದು ನಾಲ್ಕರ ಕೆಲಸ ಮಾಡುತ್ತೆ. ಉಳಿದಿದ್ದು ಬರೀ ಬಿಸಿ."

"ಚಳಿಗೆ ಆಗುತ್ತಲ್ಲ" ಅಂದರು. ಅವರನ್ನು ಮಾತಿನಲ್ಲಿ ಗೆದ್ದವರಿಲ್ಲ.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ 1.40

ಹನ್ನೊಂದೂವರೆಗೆ ಭಾವ ಲ್ಯಾಬ್ ಬಾಗಿಲಲ್ಲಿ. ನಾನು ಕ್ಲಾಸಿನ ಮಧ್ಯೆ. ಒಂದು ಪಂಪ್ ಬೇಕಿತ್ತು, ನಾಳೆ ತಂದುಕೊಡ್ತೀನಿ ಅಂದರು. ಹೋದ ಬ್ಯಾಚಿನವರು ಬಿಚ್ಚಿ ಜೋಡಿಸಿ ಬಣ್ಣ ಬಳಿದ ಪೆಟ್ರೋಲ್ ಪಂಪು ಬೆಂಚಿನ ಕೆಳಗಿತ್ತು. ಕೊಟ್ಟೆ. ಇದರ ಜೊತೆ ಇದ್ದದ್ದು ಎರಡು ಮೀಟರ್ ಪೈಪು. ಉದ್ದದ್ದು ಸ್ಟೋರಿನಲ್ಲಿ, ಸ್ಟೋರ್‌ಕೀಪರ್ ರಜೆ. "ಪಂಪನ್ನೇ ಕೆಳಗಿಳಿಸಿದ್ರಾಯ್ತು ಬಿಡು" ಅಂದರು. ಹೂಂ ಅಂದೆ. ಚೋಕ್ ಹೇಳಿದೆ. ಗೇಟ್ ಪಾಸ್ ಬರೆಯಲು ಹೊತ್ತಾಗಲಿಲ್ಲ, ಆಮೇಲೆ ಬರೆಯಬೇಕು.

ಸ್ಕೂಟರಿನ ಮುಂದೆ ಪಂಪ್ ಇಟ್ಟುಕೊಂಡು, ಮಗು ಕೂರಿಸಿಕೊಂಡ ಹಾಗೆ ಹೋದರು. ಹುಡುಗರು ಕಿಟಕಿಯಿಂದ ನೋಡಿ ನಕ್ಕರು.

ಮಳೆ ಶುರುವಾಯಿತು. ಕಿಟಕಿ ಮುಚ್ಚಬೇಕು.

ಮಾರ್ಚ್ 26, ಬುಧವಾರ. ಬೆಳಿಗ್ಗೆ

ಹತ್ತೊಂಬತ್ತು ದಿನ. ಬರೆಯದಿದ್ದರೆ ಆಗಿಲ್ಲ ಎಂದಾಗುವುದಿಲ್ಲ.

ಭಾವ ಹೋದರು. ಏಳನೇ ತಾರೀಕು, ಅದೇ ಶುಕ್ರವಾರ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಫೋನು. ಯಾರ್ಡಿನ ವೆಲ್ಡರ್ ನೋಡಿದ್ದು. ಮಳೆಗೆ ಲಾಂಚಿನ ತಳದ ಕೋಣೆಯ ಬಾಯಿಗೆ ಟಾರ್ಪಾಲು ಎಳೆದಿದ್ದರಂತೆ, ಒಂದು ಗೇಣು ಬಿಟ್ಟು. ಒಳಗೆ ಪಂಪ್ ಓಡುತ್ತಲೇ ಇತ್ತು. ಕೂಗಿದರೆ ಉತ್ತರವಿಲ್ಲ. ಇಣುಕಿ ನೋಡಿದರೆ ಭಾವ ಗೋಡೆಗೊರಗಿ ಕೂತಿದ್ದರು, ಕೈಯಲ್ಲಿ ಪೈಪಿನ ಜಾಲರಿ. ಕಸ ಬಿಡಿಸಲು ಇಳಿದಿರಬೇಕು. ವೆಲ್ಡರ್ ಇಳಿದು ಎಳೆದ. ಮೇಲೆ ಬಂದವನು ತಾನೂ ಬಿದ್ದ. ಅವನು ಉಳಿದ. ಭಾವ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಅವರ ಮುಖ ಕೆಂಪಗಿತ್ತು. ಬಿಸಿಲಲ್ಲಿ ನಡೆದು ಬಂದವರ ಹಾಗೆ. ಅಕ್ಕ ಕೆನ್ನೆ ಮುಟ್ಟಿ, "ಏನೂ ಆಗಿಲ್ಲ ಕಣೇ, ನೋಡು, ಬಣ್ಣ ನೋಡು" ಅಂದಳು. ಗುಬ್ಬಿ ಆ ಬಣ್ಣ ನೋಡಿದ್ದೇ ಗೋಡೆ ಕಡೆ ತಿರುಗಿಕೊಂಡಳು. ಅವಳಿಗೆ ಪಾಠದಲ್ಲಿದೆ. ಕಾರ್ಬನ್ ಮೊನಾಕ್ಸೈಡ್ ಕುಡಿದವರ ರಕ್ತ ಹಾಗೆ ಹೊಳೆಯುತ್ತದೆ.

ನನಗೂ ಪಾಠದಲ್ಲಿದೆ. ನಾನು ಕಲಿಸುತ್ತೇನೆ.

ಮಾರ್ಚ್ 27

ಪಂಪು ಎಲ್ಲಿಂದ ಬಂತು ಎಂದು ಯಾರೂ ಕೇಳಿಲ್ಲ. ಮಾಲೀಕರದ್ದು ಎಂದುಕೊಂಡಿದ್ದಾರೆ. ನಾನು ಹೇಳಿಲ್ಲ.

ನಾಳೆ ಹೇಳುತ್ತೇನೆ.

ಏಪ್ರಿಲ್ 2, ಬುಧವಾರ

ಹೇಳಲಿಲ್ಲ.

ಇವತ್ತು ಬೋಟ್ ಇನ್‌ಸ್ಪೆಕ್ಟರ್ ಮನೆಗೆ ಬಂದಿದ್ದರು. ಮೆಲುದನಿಯ ಮನುಷ್ಯ, ಪ್ರತಿ ಪ್ರಶ್ನೆಗೂ ಮೊದಲು ಕ್ಷಮೆ ಕೇಳುತ್ತಾರೆ. ಲಾಂಚಿನ ಲೈಸೆನ್ಸ್ ಹಿಡಿದಿಟ್ಟಿದ್ದಾರೆ. ಮಾಲೀಕರು ಪಂಪ್ ತಮ್ಮದಲ್ಲ ಅಂದರಂತೆ.

"ಸುಳ್ಳು" ಅಂದಳು ಅಕ್ಕ. "ಕೆಟ್ಟ ಪಂಪ್ ಕೊಟ್ಟು ಒಳಗಿಳಿಸಿ ಈಗ ಕೈ ತೊಳ್ಕೊಳ್ತಿದಾನೆ. ಎಂಕ್ವೈರಿಯಲ್ಲಿ ನಾನೇ ಎದ್ದು ನಿಂತು ಹೇಳ್ತೀನಿ."

ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದರು. "ನೀವು ಎಂಜಿನ್ ಕಲಿಸ್ತೀರಂತಲ್ಲ ಮೇಡಂ. ಪಂಪಿನ ಚೋಕ್ ಅರ್ಧ ಎಳೆದೇ ಇತ್ತು. ಅದರಿಂದ ವ್ಯತ್ಯಾಸ ಆಗುತ್ತಾ?"

ಆಗುತ್ತೆ ಅಂದೆ. ಚೋಕ್ ಎಳೆದರೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ತಣ್ಣಗಿರುವಾಗ ಸ್ಟಾರ್ಟ್ ಆಗಲು ಬೇಕು. ಓಡತೊಡಗಿದ ಮೇಲೆ ತೆಗೆಯಬೇಕು. ತೆಗೆಯದಿದ್ದರೆ ಅರ್ಧಂಬರ್ಧ ಉರಿದು ಆ ವಿಷಗಾಳಿ ಇನ್ನೂ ಹೆಚ್ಚು. ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಅವರು ಬರೆದುಕೊಂಡರು.

ಅವರು ಹೋದ ಮೇಲೆ ಮಾಲೀಕರು ಬಂದರು. ಮೂರನೇ ಸಲ. ಗೇಟಿನಲ್ಲಿ ಕೊಡೆಯೂ ಇಲ್ಲದೆ ನಿಂತಿದ್ದರು. ಅಕ್ಕ ಮುಖದ ಮೇಲೆ ಬಾಗಿಲು ಹಾಕಿದಳು. ನಾನು ಒಳಗೆ ಟೀ ಕುದಿಸುತ್ತಿದ್ದೆ. ಉಕ್ಕಿ ಒಲೆ ಆರಿತು.

ಏಪ್ರಿಲ್ 4, ಶುಕ್ರವಾರ

ಪ್ರಿನ್ಸಿಪಾಲರಿಗೆ ಹೇಳಿದೆ. ಮೊದಲು ಅವರಿಗೆ ಹೇಳಿದರೆ ಅಕ್ಕನ ಮುಂದೆ ಬಾಯಿ ಬರುತ್ತದೆ ಎಂದುಕೊಂಡಿದ್ದೆ.

ಎದ್ದು ಬಾಗಿಲು ಹಾಕಿ ಬಂದರು. "ಗೇಟ್ ಪಾಸ್ ಬರೆದಿಲ್ಲ ತಾನೇ?"

"ಇಲ್ಲ ಸರ್."

"ಬರೆದಿಲ್ಲ ಅಂದ್ರೆ ಹೋಗಿಲ್ಲ. ಪಂಪಿನ ಮೇಲೆ ನಮ್ಮ ಸ್ಟಾಕ್ ನಂಬರ್?"

"ಬಣ್ಣದ ಕೆಳಗಿದೆ."

"ಅಲ್ಲೇ ಇರ್ಲಿ. ನೋಡಿ ಮೇಡಂ, ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ. ಆದ್ರೆ ಈಗ ಬಾಯಿಬಿಟ್ರೆ ಹೋದವರು ಬರ್ತಾರಾ? ಇರೋ ಅಕ್ಕನನ್ನೂ ಕಳ್ಕೊಳ್ತೀರಿ."

ಕೆಟ್ಟ ಮನುಷ್ಯನಲ್ಲ. ಅದೇ ಕಷ್ಟ. ಸರಿ ಸರ್ ಅಂದು ಬಂದೆ.

ಏಪ್ರಿಲ್ 6, ಭಾನುವಾರ

ಮಾರ್ಚ್ ಏಳರ ಪುಟ ತೆಗೆದು ಓದಿದೆ. ನನ್ನದೇ ಅಕ್ಷರ. "ಪಂಪನ್ನೇ ಕೆಳಗಿಳಿಸಿದ್ರಾಯ್ತು ಬಿಡು ಅಂದರು. ಹೂಂ ಅಂದೆ."

ಹೂಂ ಅಂದೆ.

ಕ್ಲಾಸ್ ಕಾಯುತ್ತಿತ್ತು, ನಿಜ. ಅದಕ್ಕಿಂತ ನಿಜ ಇನ್ನೊಂದಿದೆ. ಅವರು ನನಗೆ ಎಂಜಿನ್ ಕಲಿಸಿದವರು. ಅವರಿಗೆ ನಾನು ಹೇಳುವುದೇ? ಅಜ್ಜನಿಗೆ ಕೆಮ್ಮು ಕಲಿಸಿದ ಹಾಗೆ. ಮೂವತ್ತು ವರ್ಷ ಡೀಸೆಲ್ ಮಾತ್ರ ಮುಟ್ಟಿದವರು ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಅವರಿಗೆ ಪೆಟ್ರೋಲ್ ಬರೀ ಸಣ್ಣ, ಸದ್ದಿಲ್ಲದ, ಸಾಧು ಎಂಜಿನ್ನು.

"ಚೋಕ್ ಹೇಳಿದೆ" ಎಂದು ಬರೆದಿದ್ದೇನೆ. ಏನು ಹೇಳಿದೆ? ಅರ್ಧ ಎಳೀರಿ ಎಂದದ್ದು ನೆನಪಿದೆ. ಆಮೇಲೆ ತೆಗೀರಿ ಎಂದೆನೋ ಇಲ್ಲವೋ. ಎಷ್ಟು ಸಲ ಆ ಬಾಗಿಲಲ್ಲಿ ಹೋಗಿ ನಿಂತರೂ ನನ್ನ ದನಿ ಅರ್ಧಕ್ಕೇ ನಿಲ್ಲುತ್ತದೆ.

ಪುಟ ಹರಿಯಬಹುದು. ಬೆರಳು ಹಾಕಿದೆ. ಬಿಟ್ಟೆ.

ಏಪ್ರಿಲ್ 8, ಮಂಗಳವಾರ

ಇವತ್ತಿನ ಪಾಠ: ಪೆಟ್ರೋಲ್–ಡೀಸೆಲ್ ಹೋಲಿಕೆ. ಬೋರ್ಡಿನ ನಡುವೆ ಗೆರೆ ಎಳೆದೆ. ಎಡಕ್ಕೆ ಪೆಟ್ರೋಲ್, ಬಲಕ್ಕೆ ಡೀಸೆಲ್. ಕಿಡಿ ಇದೆ, ಕಿಡಿ ಇಲ್ಲ. ಹಗುರ, ಭಾರ. ಬೇಗ ತಿರುಗುತ್ತೆ, ನಿಧಾನವಾಗಿ ಎಳೆಯುತ್ತೆ. ಐದನೇ ಸಾಲು: ಹೊಗೆ. ಅಲ್ಲಿಗೆ ಸೀಮೆಸುಣ್ಣ ಮುರಿಯಿತು. ಇನ್ನೊಂದು ತೆಗೆದುಕೊಂಡೆ. ಬರೆಯಲಾಗಲಿಲ್ಲ. ತಲೆನೋವು ಅಂದು ಟೂ ಸ್ಟ್ರೋಕ್ ಬಿಚ್ಚಲು ಕೊಟ್ಟೆ.

ಹುಡುಗರು ಐದನೇ ಸಾಲು ಖಾಲಿ ಬಿಟ್ಟು ನಕಲು ಮಾಡಿಕೊಂಡರು.

ಏಪ್ರಿಲ್ 10, ಗುರುವಾರ. ಸಂಜೆ

ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಭಾವನ ಕೆಲಸದ ಶರಟು ಕೈಗೆ ಬಂತು. ಎಷ್ಟು ಒಗೆದರೂ ಡೀಸೆಲ್ ವಾಸನೆ. ಅದನ್ನೂ ಮಡಿಸಿ ಮೇಲಿಟ್ಟಳು.

"ಒಂದು ಕೇಳ್ಲಾ? ಮೂವತ್ತು ವರ್ಷ ಹೊಗೆ ಕುಡಿದೇ ಬದುಕಿದವರು. ಈ ಮನೆಗಿಂತ ದೊಡ್ಡ ಎಂಜಿನ್ ಪಕ್ಕ ಮಲಗಿ ಎದ್ದವರು. ಮೊಣಕಾಲುದ್ದದ ಪಂಪು ಹೇಗೆ ಕಣೇ ಕೊಲ್ಲುತ್ತೆ?"

ಇನ್ನೊಂದು ಬಟ್ಟೆ ಮಡಿಸಿ ಕೊಟ್ಟೆ.

"ಇಷ್ಟು ವರ್ಷ ಅವರು ಹೇಳಕ್ಕೆ ಬಂದಾಗೆಲ್ಲ ಸಾಕು ನಿಲ್ಲಿಸಿ ಅಂತಿದ್ದೆ. ಒಂದು ದಿನನೂ ಕೇಳಿಸ್ಕೊಳ್ಳಲಿಲ್ಲ. ಎಂಕ್ವೈರಿಯಲ್ಲಿ ಮಾತಾಡೋವಾಗ ಪೆದ್ದಿ ಹಾಗೆ ನಿಲ್ಲಬಾರದು. ನನಗೆ ಹೇಳಿಕೊಡು. ನಿನ್ನ ಹುಡುಗರಿಗೆ ಹೇಳೋ ಹಾಗೆ."

ಶನಿವಾರ ರಜೆ, ಲ್ಯಾಬ್ ಖಾಲಿ ಇರುತ್ತೆ ಅಂದೆ.

ಏಪ್ರಿಲ್ 12, ಶನಿವಾರ. ಮಧ್ಯಾಹ್ನ 3

ಈಗಲೇ ಬರೆಯುತ್ತೇನೆ. ಹಾಗೇ ಬರೆಯುತ್ತೇನೆ.

ಹತ್ತು ಗಂಟೆಗೆ ಹೋದೆವು. ಅಕ್ಕ ಕೈಚೀಲ ಎದೆಗೆ ಅವಚಿಕೊಂಡು ಎಂಜಿನ್‌ಗಳ ನಡುವೆ ನಿಂತಳು. ಯಾರ ಮನೆಗೋ ಮೊದಲ ಸಲ ಹೋದವರ ಹಾಗೆ. ಸ್ಟೀಮ್ ಮಾಡೆಲ್ ಮುಟ್ಟಿದಳು. "ಇದೇ ಏನು ಮಾವ?" ಅಂದಳು. ಭಾವನ ಮಾತು. ಇಬ್ಬರಿಗೂ ನಗು ಬಂತು. ನಿಂತಿತು.

"ಅದಕ್ಕೆ ಒಲೆ ಹೊರಗೆ, ಕೆಲಸ ಒಳಗೆ" ಅಂದೆ. "ಉಳಿದವಕ್ಕೆಲ್ಲ ಒಲೆಯೇ ಹೊಟ್ಟೆಯೊಳಗೆ."

ಪೆಟ್ರೋಲ್ ಮಾಡೆಲ್ಲಿನ ಹ್ಯಾಂಡಲ್ ಅವಳ ಕೈಗೆ ಕೊಟ್ಟೆ. ತಿರುಗಿಸಿದಳು. ಪಿಸ್ಟನ್ ಇಳಿಯಿತು.

"ಈಗ ಹೀರ್ತಾ ಇದೆ. ಬರೀ ಗಾಳಿ ಅಲ್ಲ. ಗಾಳಿ, ಪೆಟ್ರೋಲ್ ಹೊರಗೇ ಕಲಸಿ ಎಳ್ಕೊಳ್ಳುತ್ತೆ. ತಿರುಗ್ಸು. ಅದುಮ್ತು. ಇಲ್ಲಿ ಕಿಡಿ. ಉರೀತು. ಇನ್ನರ್ಧ ಸುತ್ತು... ಉಗುಳ್ತು."

ಡೀಸೆಲ್ ಕಡೆ ಕರೆದೆ. ಅದರ ಹ್ಯಾಂಡಲ್ ಬಿಗಿ. ಎರಡೂ ಕೈ ಹಾಕಿದಳು.

"ಇದು ಗಾಳಿ ಮಾತ್ರ ಎಳ್ಕೊಳ್ಳುತ್ತೆ. ಎದೆ ತುಂಬ. ಪೆಟ್ರೋಲಿಗಿಂತ ಎರಡರಷ್ಟು ಬಿಗಿಯಾಗಿ ಅದುಮುತ್ತೆ. ಸೈಕಲ್ ಪಂಪ್ ಹೊಡೆದ್ರೆ ಬುಡ ಬಿಸಿ ಆಗಲ್ವಾ, ಹಾಗೆ ಗಾಳಿ ಕೆಂಡ ಆಗುತ್ತೆ. ಅದಕ್ಕೆ ಡೀಸೆಲ್ ಸಿಂಪಡಿಸಿದ್ರೆ ತಾನೇ ಹೊತ್ಕೊಳ್ಳುತ್ತೆ. ಕಿಡಿ ಬೇಡ."

"ಅದಕ್ಕೇ ಅಷ್ಟು ಸದ್ದು."

"ಅದಕ್ಕೇ. ಅದಕ್ಕೇ ಅಷ್ಟು ಭಾರ. ಅದುಮೋ ಏಟು ತಡ್ಕೊಳ್ಳಕ್ಕೆ ಗಟ್ಟಿ ಮೈ ಬೇಕು."

"ಹೊಗೆ ಇದೂ ಬಿಡುತ್ತೆ, ಅದೂ ಬಿಡುತ್ತೆ. ಮತ್ತೆ?"

ಐದನೇ ಸಾಲು.

"ಒಂದು ಮನೇಲಿ ಊಟ ಹಾಕ್ತಾರೆ ಅಂದ್ಕೋ ಅಕ್ಕ. ಗಾಳಿ ಅಂದ್ರೆ ಅಡಿಗೆ. ಎಣ್ಣೆ ಅಂದ್ರೆ ಉಣ್ಣೋರು. ಡೀಸೆಲ್ ಮನೇಲಿ ಯಾವಾಗ್ಲೂ ಇಪ್ಪತ್ತು ಜನಕ್ಕೆ ಅಡಿಗೆ, ಬರೋರು ಹತ್ತು ಜನ. ಎಲ್ಲರಿಗೂ ಹೊಟ್ಟೆ ತುಂಬುತ್ತೆ, ಮಿಗುತ್ತೆ. ಪೆಟ್ರೋಲ್ ಮನೆ ಹಾಗಲ್ಲ. ಹತ್ತು ಜನಕ್ಕೆ ಹತ್ತೇ ಜನದ ಅಡಿಗೆ. ಸಣ್ಣ ಪಂಪಲ್ಲಿ ಹನ್ನೊಂದನೆಯವನೂ ಬರ್ತಾನೆ. ಚೋಕ್ ಎಳೆದಿದ್ರೆ ಹದಿಮೂರು. ಅವರು ಅರೆಹೊಟ್ಟೆಯಲ್ಲಿ ಹೊರಗೆ ಬರ್ತಾರೆ. ಆ ಅರೆಹೊಟ್ಟೆಯವನೇ ಆ ವಿಷಗಾಳಿ. ನಾವು ಉಸಿರೆಳೆದ್ರೆ ರಕ್ತದಲ್ಲಿ ಒಳ್ಳೇ ಗಾಳಿ ಕೂರೋ ಜಾಗದಲ್ಲಿ ಹೋಗಿ ಕೂರ್ತಾನೆ. ಏಳಲ್ಲ."

"ಗೊತ್ತಾಗಲ್ವಾ?"

"ಗೊತ್ತಾಗಲ್ಲ. ಡೀಸೆಲ್ ಹೊಗೆ ಕಣ್ಣುರಿಸುತ್ತೆ, ಕೆಮ್ಮು ಬರಿಸುತ್ತೆ. ಬೈದುಕೊಂಡಾದ್ರೂ ಮನುಷ್ಯ ಹೊರಗೆ ಬರ್ತಾನೆ. ಭಾವ ಲಾಂಚಿನ ಡೀಸೆಲ್ ಪಂಪಿನ ಹೊಗೆಗೆ ಮೇಲಿನ ತನಕ ಪೈಪ್ ಕಟ್ಟಿದ್ರು, ಕಣ್ಣುರಿ ತಾಳಲಾರದೆ. ಪೆಟ್ರೋಲಿನದು ಹಾಗೇನೂ ಮಾಡಲ್ಲ. ತಲೆ ಭಾರ. ಸ್ವಲ್ಪ ಕೂತ್ಕೊಳ್ಳೋಣ ಅನ್ಸುತ್ತೆ."

"ಕೂತಿದ್ರು" ಅಂದಳು ಅಕ್ಕ.

ಮತ್ತೆ ಪೆಟ್ರೋಲ್ ಮಾಡೆಲ್ಲಿನ ಹತ್ತಿರ ಹೋದಳು. ಒಬ್ಬಳೇ ತಿರುಗಿಸಿದಳು, ಪದ ಹೇಳಿಕೊಳ್ಳುತ್ತ. ಹೀರು. ಅದುಮು. ಉರಿ. ಉಗುಳು. ಎಷ್ಟು ಸಲವೋ.

"ಎಷ್ಟು ಚೆನ್ನಾಗಿ ಹೇಳ್ತೀಯೇ" ಅಂದಳು. "ವರ್ಷಕ್ಕೆ ಎಷ್ಟು ಜನಕ್ಕೆ ಹೇಳ್ತೀಯ ಇದನ್ನ?"

"ನಲವತ್ತು."

"ನಿನ್ನ ಭಾವನಿಗೂ ಯಾವತ್ತಾದ್ರೂ ಹೇಳಿದ್ಯಾ? ಮಾತಿಗೆ ಅಂತಾದ್ರೂ?"

ಏನೂ ಗೊತ್ತಿಲ್ಲದೆ ಕೇಳಿದ ಮಾತು. ಇಲ್ಲ ಅಂದು ಬಿಡಬಹುದಿತ್ತು.

"ಪಂಪ್ ನಾನು ಕೊಟ್ಟಿದ್ದು ಅಕ್ಕ."

ಹ್ಯಾಂಡಲ್ ನಿಂತಿತು.

ಎಲ್ಲ ಹೇಳಿದೆ. ಬೆಂಚಿನ ಕೆಳಗಿಂದ ಎಳೆದು ಕೊಟ್ಟದ್ದು. ಪೈಪು ಎರಡೇ ಮೀಟರ್ ಇದ್ದದ್ದು. ಕೆಳಗಿಳಿಸ್ತೀನಿ ಎಂದು ಅವರೇ ಹೇಳಿದ್ದು, ನಾನು ಕೇಳಿಸಿಕೊಂಡದ್ದು, ಹೂಂ ಅಂದದ್ದು. ಅಕ್ಕ ನನ್ನ ಮುಖ ನೋಡಲಿಲ್ಲ. ಸೀಳಿಟ್ಟ ಎಂಜಿನ್ನಿನ ಒಳಗೇ ನೋಡುತ್ತಿದ್ದಳು. ಕೈ ತೆಗೆದಳು. ಪಿಸ್ಟನ್ ತನ್ನ ಭಾರಕ್ಕೆ ತಾನೇ ಕೆಳಗೆ ಜಾರಿತು.

"ಬಸ್ ಎಷ್ಟು ಗಂಟೆಗೆ?" ಅಂದಳು.

"ನಾನೂ ಬರ್ತೀನಿ."

"ಬೇಡ."

ಲ್ಯಾಬಿನಲ್ಲೇ ಕೂತು ಬರೆಯುತ್ತಿದ್ದೇನೆ. ಮನೆಗೆ ಹೋಗಬೇಕು.

ಏಪ್ರಿಲ್ 13, ಭಾನುವಾರ

ಬೆಳಿಗ್ಗೆ ಅಕ್ಕ ಮೆಟ್ಟಿಲ ಅರ್ಧಕ್ಕೆ ಬಂದು ನಿಂತಳು. ಮೇಲೆ ಹತ್ತಲಿಲ್ಲ.

"ಕೊಟ್ಟಿದ್ದಕ್ಕೆ ನಿನ್ನ ಬೈಯಲ್ಲ. ನಿನ್ನ ಜಾಗದಲ್ಲಿ ನಾನಿದ್ರೂ ಕೊಡ್ತಿದ್ದೆ. ಹೇಳೋದು ಮರೆತೆ, ಅದನ್ನೂ ನುಂಗ್ಕೋಬಹುದು. ಆದ್ರೆ ಆ ಮನುಷ್ಯನ ಮುಖದ ಮೇಲೆ ಮೂರು ಸಲ ಬಾಗಿಲು ಹಾಕಿದೆ ನಾನು. ನೀನು ಒಳಗೆ ಟೀ ಕುದಿಸ್ತಾ ಇದ್ದೆ."

ನಾನು ಒಂದು ಮೆಟ್ಟಿಲು ಇಳಿದೆ, ಅವಳೂ ಒಂದು ಇಳಿದಳು.

"ನಿನ್ನ ಹೆಜ್ಜೆ ಸದ್ದು ತಲೆ ಮೇಲೆ ಕೇಳ್ತಾ ಇರುತ್ತೆ. ಅದು ನನ್ನಿಂದ ಆಗಲ್ಲ. ಬೇರೆ ಕಡೆ ನೋಡ್ಕೋ."

ಇಳಿದು ಹೋದಳು. ಅಲ್ಲಿಂದ ಮಂಚದ ಮೇಲೆ ಕಾಲು ಮೇಲೆತ್ತಿಕೊಂಡು ಕೂತಿದ್ದೇನೆ. ನಡೆಯಲು ಹೆದರಿಕೆ.

ಏಪ್ರಿಲ್ 15, ಮಂಗಳವಾರ

ಇನ್‌ಸ್ಪೆಕ್ಟರ್ ಆಫೀಸಿಗೆ ಹೋಗಿ ಬರೆದುಕೊಟ್ಟೆ. ನಾಲ್ಕು ಪುಟ. ಅಲ್ಲಿ ತಂದಿಟ್ಟಿದ್ದ ಪಂಪಿನ ಬಣ್ಣ ಕೆರೆದು ನಂಬರ್ ತೋರಿಸಿದೆ. ಅವರು ಓದಿ, ಸುಮಾರು ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಚೋಕ್ ತೆಗೀರಿ ಅಂತ ಹೇಳಿದ್ರಾ ಇಲ್ವಾ, ಇಲ್ಲಿ ಸ್ಪಷ್ಟ ಇಲ್ಲ ಮೇಡಂ. ಕ್ಷಮಿಸಿ."

"ನನಗೂ ಸ್ಪಷ್ಟ ಇಲ್ಲ."

"ಹಾಗೇ ಬರೀಲಾ?"

"ಹಾಗೇ ಬರೀರಿ."

ಮೇ 21, ಬುಧವಾರ

ಟೈಲರ್ ಅಂಗಡಿ ಮೇಲೆ ಒಂದು ಕೋಣೆ. ಹಗಲೆಲ್ಲ ಹೊಲಿಗೆ ಯಂತ್ರದ ಸದ್ದು. ಕೆಲಸದಿಂದ ಎರಡು ತಿಂಗಳು ಸಸ್ಪೆಂಡ್. ಪ್ರಿನ್ಸಿಪಾಲರು ಆರ್ಡರ್ ಕೊಡುವಾಗ ಮುಖ ನೋಡಲಿಲ್ಲ. "ಹೇಳಿದ್ದೆ" ಅಂದರು, ಅಷ್ಟೇ.

ಲಾಂಚಿಗೆ ಲೈಸೆನ್ಸ್ ವಾಪಸ್ ಸಿಕ್ಕಿದೆ. ಕಿಟಕಿಯಿಂದ ನದಿ ಕಾಣುವುದಿಲ್ಲ. ಗಾಳಿ ಈ ಕಡೆ ಬೀಸಿದಾಗ ಅದರ ಡೀಸೆಲ್ ಸದ್ದು ಕೇಳುತ್ತದೆ. ಬೇರೆ ಯಾರೋ ಓಡಿಸುತ್ತಿದ್ದಾರೆ. ಗೇರ್ ಹಾಕುವಾಗ ಎಂಜಿನ್ನನ್ನು ಕಿರುಚಿಸುತ್ತಾರೆ. ಭಾವನ ಕೈಯಲ್ಲಿ ಗೇರ್ ಬಿದ್ದದ್ದೇ ಗೊತ್ತಾಗುತ್ತಿರಲಿಲ್ಲ.

ಗುಬ್ಬಿ ಬಂದಿದ್ದಳು. ಅಲ್ಲೇ ಉಳಿದಿದ್ದ ನನ್ನ ಬಟ್ಟೆ ತಂದುಕೊಟ್ಟಳು. ಅಪ್ಪನ ವಿಷಯ ತಾನೇ ತೆಗೆದಳು.

"ಚಿಕ್ಕಮ್ಮ, ನನಗೆ ಆ ಬಣ್ಣ ನೋಡಿದ ತಕ್ಷಣ ಗೊತ್ತಾಯ್ತು. ಅಮ್ಮ ಏನೂ ಆಗಿಲ್ಲ ಅಂತ ಅಷ್ಟು ಖುಷಿಯಲ್ಲಿ ಹೇಳ್ತಿದ್ಲು. ಒಂದೆರಡು ನಿಮಿಷ ಅವಳು ಹಾಗೇ ಇರ್ಲಿ ಅಂತ ನಾನೂ ಸುಮ್ನಿದ್ದೆ."

ಅವಳ ತಲೆ ನನ್ನ ಭುಜದ ಮೇಲಿತ್ತು. ಎಷ್ಟು ಬೆಳೆದಿದ್ದಾಳೆ.

"ಅಮ್ಮ ಹೇಗಿದಾಳೆ?"

"ಮೇಲಿನ ಕೋಣೆ ದಿನಾ ಗುಡಿಸ್ತಾಳೆ" ಅಂದಳು.

ಜೂನ್ 17, ಮಂಗಳವಾರ

ನಿನ್ನೆಯಿಂದ ಡ್ಯೂಟಿ. ಇವತ್ತು ಲ್ಯಾಬಿಗೆ ಮಾಲೀಕರು ಬಂದರು. ಎದ್ದು ನಿಂತೆ. ಕೂತ್ಕೊಳ್ಳಿ ಅಂದರು. ತಾವು ಕೂರಲಿಲ್ಲ.

"ನೀವು ಬರೆದುಕೊಟ್ಟಿದ್ದಕ್ಕೆ ನನ್ನ ಲಾಂಚು ನೀರಿಗಿಳೀತು. ಥ್ಯಾಂಕ್ಸ್ ಹೇಳಕ್ಕೆ ಬಂದಿಲ್ಲ. ಡೀಸೆಲ್ ಪಂಪು ಕಳಿಸಿದಾಗ ಬದಲಿ ಪಂಪು ನಾನಿಡ್ಬೇಕಿತ್ತು. ಇಟ್ಟಿದ್ರೆ ಅವರು ನಿಮ್ಮ ಹತ್ರ ಬರ್ತಾನೇ ಇರ್ಲಿಲ್ಲ. ಅದು ನನ್ನ ಪಾಲು."

ಒಂದು ತಪ್ಪನ್ನು ಹಂಚಿಕೊಂಡರೆ ಕಡಿಮೆಯಾಗುವುದಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು.

"ಜೆಟ್ಟಿಯಲ್ಲಿ ಎಲ್ಲ ಲಾಂಚಿನವರೂ ಸೇರ್ತಾರೆ, ಮುಂದಿನ ಬುಧವಾರ. ಅರ್ಧ ಜನಕ್ಕೆ ಇದು ಗೊತ್ತೇ ಇಲ್ಲ ಮೇಡಂ. ನನಗೂ ಗೊತ್ತಿರ್ಲಿಲ್ಲ. ಒಂದ್ಸಲ ಬಂದು ಹೇಳಿಕೊಡಿ."

ಆಗಲ್ಲ ಅಂದೆ. ಅವರು ಬಾಗಿಲು ದಾಟುವ ಮೊದಲೇ ಬರ್ತೀನಿ ಅಂದೆ.

ಜೂನ್ 25, ಬುಧವಾರ. ಸಂಜೆ 5

ಕೆಳ ಜೆಟ್ಟಿಯ ಟಿಕೆಟ್ ಶೆಡ್ಡು. ನಲವತ್ತು ನಲವತ್ತೈದು ಜನ. ಬೆಂಚು ಸಾಲದೆ ಹಗ್ಗದ ಸುರುಳಿಗಳ ಮೇಲೆ ಕೂತಿದ್ದರು. ಭಾವನ ವಯಸ್ಸಿನವರೇ ಹೆಚ್ಚು. ವೆಲ್ಡರ್ ಮುಂದಿನ ಸಾಲಿನಲ್ಲಿ. ಪೆಟ್ರೋಲ್ ಮಾಡೆಲ್ ಹೊತ್ತು ತಂದಿದ್ದೆ, ಈ ಸಲ ಗೇಟ್ ಪಾಸ್ ಬರೆದು.

ಹಲಗೆಯ ನಡುವೆ ಗೆರೆ ಎಳೆದೆ. ಐದನೇ ಸಾಲನ್ನು ಮೊದಲು ಬರೆದೆ. "ಇಲ್ಲಿ ಎಲ್ಲರಿಗೂ ಪರಿಚಯ ಇದ್ದವರು ಮಾರ್ಚ್ ಏಳಕ್ಕೆ ಹೋದ್ರು. ಆ ಪಂಪ್ ಕೊಟ್ಟವಳು ನಾನು. ಒಳಗಿಳಿಸಬೇಡಿ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ. ಈಗ ನಿಮಗೆ ಹೇಳ್ತೀನಿ."

ಊಟದ ಮನೆ ಲೆಕ್ಕ ಹೇಳಿದೆ. ಚೋಕ್ ಹೇಳಿದೆ — ಎಳೀರಿ, ಆಮೇಲೆ ತೆಗೀರಿ. ಎರಡು ಸಲ ಹೇಳಿದೆ. ಡೀಸೆಲ್ ಆದರೂ ಮುಚ್ಚಿದ ಜಾಗದಲ್ಲಿ ನಂಬಬೇಡಿ ಅಂದೆ. ಬಿದ್ದವರನ್ನು ಎಳೆಯಲು ಒಬ್ಬರೇ ಇಳಿಯಬೇಡಿ, ಮೊದಲು ಎಂಜಿನ್ ನಿಲ್ಲಿಸಿ, ಗಾಳಿಯಾಡಿಸಿ, ಜನ ಕೂಗಿ, ಅಂದೆ. ವೆಲ್ಡರ್ ತಲೆ ತಗ್ಗಿಸಿದ. ಅವನನ್ನು ನೋಡಿ ಹೇಳಿದ್ದಲ್ಲ. ಅವನಿಗೆ ಕೈ ಮುಗಿಯಬೇಕು.

ಆಮೇಲೆ ಒಬ್ಬರು ಎದ್ದರು. ದಪ್ಪ ಮೀಸೆ. "ಮುಚ್ಚಳ ಪೂರ್ತಿ ತೆಗೆದಿಟ್ರೆ ಸಾಕಾ ಮೇಡಂ? ಒಂದ್ಹತ್ತು ನಿಮಿಷದ ಕೆಲಸಕ್ಕೆ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಹೆಂಗಸಿನ ದನಿ.

"ಸಾಕಾಗಲ್ಲ."

ಎಲ್ಲರೂ ತಿರುಗಿದರು. ಅಕ್ಕ. ಶೆಡ್ಡಿನ ಕಂಬಕ್ಕೊರಗಿ ನಿಂತಿದ್ದಳು, ಕೈಚೀಲ ಎದೆಗೆ ಅವಚಿಕೊಂಡು. ಯಾವಾಗ ಬಂದಳೋ.

"ಪಂಪು ಮೇಲಿರ್ಬೇಕು. ಪೈಪು ಕೆಳಗೆ ಹೋಗ್ಬೇಕು. ಪೈಪು ಸಾಲದಿದ್ರೆ ಆವತ್ತು ಕೆಲಸ ಬೇಡ" ಅಂದಳು. "ಲಾಂಚು ಮುಳುಗಿದ್ರೆ ಮುಳುಗ್ಲಿ."

ಮೀಸೆಯವರು ಕೂತರು. ನನಗೆ ಸೇರಿಸುವುದಕ್ಕೆ ಏನೂ ಇರಲಿಲ್ಲ.

ಜನ ಕರಗುವಷ್ಟರಲ್ಲಿ ಕಂಬದ ಹತ್ತಿರ ಯಾರೂ ಇರಲಿಲ್ಲ. ದಾರಿಯ ತುದಿಯಲ್ಲಿ ಅವಳ ಬೆನ್ನು ಕಂಡಿತು. ಅವಳ ಪಕ್ಕ, ನಾಲ್ಕು ಹೆಜ್ಜೆ ಬಿಟ್ಟು, ಮಾಲೀಕರು ನಡೆಯುತ್ತಿದ್ದರು. ಮಾತಾಡುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ.

ಜೂನ್ 28, ಶನಿವಾರ. ಬೆಳಿಗ್ಗೆ 10

ಗುಬ್ಬಿ ಫೋನು. ಪರೀಕ್ಷೆ, ಡ್ಯೂಟಿ, ಹಾಸ್ಟೆಲಿನ ಗೆಳತಿ, ಅದು ಇದು. ಇಡುವ ಹೊತ್ತಿಗೆ ದನಿ ಸಣ್ಣದು ಮಾಡಿ, "ಅಮ್ಮ ಪಕ್ಕದಲ್ಲೇ ಇದಾಳೆ. ಕೇಳ್ತಿದಾಳೆ, ಮುಂದಿನ ಕ್ಲಾಸ್ ಯಾವ ಜೆಟ್ಟಿಯಲ್ಲಿ ಅಂತ" ಅಂದಳು.

ಮುಂದಿನ ಕ್ಲಾಸ್ ಎಂಬುದೇ ಇಲ್ಲ. ಯಾರೂ ಕರೆದಿಲ್ಲ.

"ಮೇಲಿನ ಜೆಟ್ಟಿ" ಅಂದೆ. "ಬುಧವಾರ. ಹನ್ನೊಂದು ಗಂಟೆಗೆ."

ಆ ಕಡೆ ಗುಬ್ಬಿ ಅದನ್ನು ಹೇಳುವುದು ಕೇಳಿಸಿತು. ಅಕ್ಕ ಏನೋ ಅಂದಳು. ಏನೆಂದು ಕೇಳಲಿಲ್ಲ, ಧೈರ್ಯ ಸಾಲಲಿಲ್ಲ.

ಈಗಲೇ ಹೊರಡಬೇಕು. ಮೇಲಿನ ಜೆಟ್ಟಿಯವರು ಹನ್ನೊಂದಕ್ಕೆಲ್ಲ ಮೊದಲ ಟ್ರಿಪ್ ಮುಗಿಸುತ್ತಾರಂತೆ. ಅವರನ್ನು ಹಿಡಿದು, ಹೇಗಾದರೂ ಬುಧವಾರಕ್ಕೆ ಒಪ್ಪಿಸಬೇಕು.